ಬರಗಾಲದ ಮಕ್ಕಳಿಗೆ ಮನೆ ಕಟ್ಟಿದ ಗಂಗಾಮೂಲದ ಮಗಳು: ಪಂಡಿತಾ ರಮಾಬಾಯಿ

ಸೊಲ್ಲಾಪುರ, ಅಕ್ಕಲಕೋಟೆ ಕಡೆಯಿಂದ ಪುಣೆಗೆ ರೈಲಿನಲ್ಲಿ ಹೋಗುವವರಿಗೆ ದೌಂಡ್ ದಾಟಿದ ಮೇಲೆ ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಸಿಗುತ್ತದೆ. ವೇಗದ ಗಾಡಿಗಳಲ್ಲಿ ಕುಳಿತವರಿಗೆ ಹೆಸರಿನ ಫಲಕ ಓದಲೂ ಪುರುಸೊತ್ತು ಇರುವುದಿಲ್ಲ. ಆದರೆ ಸುಮಾರು 125 ವರ್ಷದ ಹಿಂದೆ ಇದೇ ಊರಿನ ಬಯಲಿನಲ್ಲಿ ಎರಡು ಸಾವಿರದಷ್ಟು ಅನಾಥ ಹೆಣ್ಣುಮಕ್ಕಳು, ವಿಧವೆಯರು, ಕುರುಡರು ಒಂದೇ ಆವರಣದಲ್ಲಿ ಉಂಡು, ಓದಿ, ದುಡಿದು ಬದುಕುತ್ತಿದ್ದರು. ಅವರನ್ನೆಲ್ಲ ಕರೆತಂದು ಕೂರಿಸಿದ್ದು ಕನ್ನಡ ನಾಡಿನ ಘಟ್ಟದಲ್ಲಿ ಹುಟ್ಟಿದ ಒಬ್ಬ ಹೆಂಗಸು. ಹೆಸರು ಪಂಡಿತಾ ರಮಾಬಾಯಿ.

ಮಹಾರಾಷ್ಟ್ರದವರು ಆಕೆಯನ್ನು ತಮ್ಮವರೆನ್ನುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಮನೆಮಾತು ಮರಾಠಿ, ಬಾಳಿನ ಬಹುಭಾಗ ಕಳೆದದ್ದು ಪುಣೆ ಸೀಮೆಯಲ್ಲಿ. ಆದ್ರೆ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳ ತಾಲ್ಲೂಕಿನ ಮಾಳ. ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ಕನ್ನಡವೂ ಆಕೆಗೆ ಬರುತ್ತಿತ್ತು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಆಡಿ ಬೆಳೆಯುವುದು ಗಡಿನಾಡಿನವರಿಗೆ ಹೊಸದೇನಲ್ಲ ಬಿಡಿ.

ಹೆಂಡತಿಗೆ ಸಂಸ್ಕೃತ ಕಲಿಸಿದ ಶಾಸ್ತ್ರಿ

ಆ ಕುಟುಂಬ ಊರು ಬಿಟ್ಟು ಕಾಡು ಸೇರಿದ್ದಕ್ಕೂ ಒಂದು ಕಾರಣವಿದೆ. ಅನಂತಶಾಸ್ತ್ರಿಗಳು ಚಿಕ್ಕಂದಿನಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ ಅವರ ಗುರು ಪೇಶ್ವೆಯ ಅರಮನೆಗೆ ಹೋಗಿ ಒಬ್ಬ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳ ಬಾಯಲ್ಲಿ ಸಂಸ್ಕೃತ ಶ್ಲೋಕ ಕೇಳಿದ ಹುಡುಗನಿಗೆ ಅದೇ ಗುಂಗು ಹಿಡಿಯಿತು. ಮುಂದೆ ಮೈಸೂರು ಆಸ್ಥಾನದಲ್ಲಿ ವಿದ್ವಾಂಸರಾಗಿದ್ದು, ಊರಿಗೆ ಮರಳಿ, ಎರಡನೆಯ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಕೂತಾಗ ಊರಿನವರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆ ಸೇರಿತು. ಹೆಣ್ಣಿಗೆ ಓದಿಸುವುದು ಶಾಸ್ತ್ರಕ್ಕೆ ವಿರುದ್ಧವಲ್ಲ ಅಂತ ಶಾಸ್ತ್ರಿಗಳು ಗ್ರಂಥ ಗ್ರಂಥ ತೆಗೆದು ತೋರಿಸಿದರು. ಗೆದ್ದರೂ ಊರಿನ ಸಹವಾಸ ಬೇಡವಾಯಿತು. ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿ, ಬಂದ ವಿದ್ಯಾರ್ಥಿಗಳಿಗೆ ಪಾಠ, ಬಂದ ಯಾತ್ರಿಕರಿಗೆ ಊಟ ಹಾಕುತ್ತ ಇದ್ದರು. ಊಟ ಹಾಕಿ ಹಾಕಿಯೇ ಆಸ್ತಿ ಕರಗಿತು.

ರಮಾಬಾಯಿ ಆರು ತಿಂಗಳ ಕೂಸಿದ್ದಾಗ ಕುಟುಂಬ ಮನೆ ಬಿಟ್ಟು ಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳೊಬ್ಬ ತಲೆಯ ಮೇಲೆ ಹೊತ್ತು ಘಟ್ಟ ಇಳಿದ. ಆಮೇಲೆ ಅವರಿಗೆ ಒಂದು ಊರು, ಒಂದು ಮನೆ ಅಂತ ಇರಲೇ ಇಲ್ಲ. ದೇವಸ್ಥಾನಗಳಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ ಕಾಸಿನಲ್ಲಿ ಬದುಕುವುದು, ಮುಂದಿನ ಕ್ಷೇತ್ರಕ್ಕೆ ನಡೆಯುವುದು. ತಂದೆಗೆ ವಯಸ್ಸಾಗಿತ್ತು. ಹಾಗಾಗಿ ಮಗಳಿಗೆ ಪಾಠ ಹೇಳಿದ್ದು ಗಂಡನಿಂದ ಕಲಿತಿದ್ದ ತಾಯಿ. ನಸುಕಿನಲ್ಲಿ ಎಬ್ಬಿಸಿ, ಕೆಲಸದ ನಡುವೆ ಬಾಯಿಪಾಠ. ಹನ್ನೆರಡು ವರ್ಷದ ಹೊತ್ತಿಗೆ ಭಾಗವತದ 18,000 ಶ್ಲೋಕ ಆ ಹುಡುಗಿಯ ನಾಲಿಗೆ ಮೇಲಿದ್ದವು. ಮದುವೆ ಮಾತ್ರ ಮಾಡಲಿಲ್ಲ. ದೊಡ್ಡ ಮಗಳಿಗೆ ಎಳೆತನದಲ್ಲಿ ಮಾಡಿದ ಮದುವೆ ಕೆಟ್ಟು ಹೋಗಿದ್ದರಿಂದ ತಂದೆ ಎರಡನೆಯವಳ ವಿಷಯದಲ್ಲಿ ಆತುರಪಡಲಿಲ್ಲ.

ಎಲೆ ತಿಂದು ಹನ್ನೊಂದು ದಿನ

ರಮಾಬಾಯಿಯ ಮುಂದಿನ ಬದುಕನ್ನು ತಿಳಿಯಬೇಕಾದರೆ 1874ರ ಸುತ್ತಿನ ಈ ದಿನಗಳನ್ನು ತಿಳಿಯಲೇಬೇಕು. ರಾಯದುರ್ಗ, ಮಡಕಶಿರಾ ಸೀಮೆಯ ಹಿರಿಯರು ಧಾತು ಸಂವತ್ಸರದ ಬರ ಅಂತ ಹೇಳುತ್ತಿದ್ದರಲ್ಲ, ಅದಕ್ಕೆ ಎರಡು ವರ್ಷ ಮುಂಚೆಯೇ ಮದರಾಸು ಪ್ರಾಂತ್ಯದ ಹಲವು ಕಡೆ ಮಳೆ ಕೈಕೊಟ್ಟಿತ್ತು. ಜನರಿಗೇ ಊಟ ಇಲ್ಲದಾಗ ಪುರಾಣ ಕೇಳುವವರು ಯಾರು, ಅಕ್ಕಿ ಕೊಡುವವರು ಯಾರು. ಶಾಸ್ತ್ರಿ ಕುಟುಂಬಕ್ಕೆ ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ಮನಸ್ಸಿಲ್ಲ. ಕೈಯಲ್ಲಿದ್ದ ದುಡ್ಡನ್ನು ದೇವರ ಸೇವೆಗೆ, ದಾನಕ್ಕೆ ಕೊಟ್ಟರು. ಒಡವೆ, ಪಾತ್ರೆ, ಒಳ್ಳೆ ಬಟ್ಟೆ ಒಂದೊಂದಾಗಿ ಮಾರಿದರು.

ಕೊನೆಗೆ ತಿರುಪತಿ ಸುತ್ತಿನ ಕಾಡಿಗೆ ಹೋದರು, ಸಾಯುವುದಾದರೆ ಅಲ್ಲೇ ಸಾಯೋಣ ಅಂತ. ಹನ್ನೊಂದು ಹಗಲು, ಹನ್ನೊಂದು ರಾತ್ರಿ ನೀರು, ಎಲೆ, ಒಂದಿಷ್ಟು ಕಾಡು ಈಚಲಹಣ್ಣಿನ ಮೇಲೆ ಕಳೆದರು. ಕಣ್ಣು ಕಾಣದ ಮುದುಕ ತಂದೆ ಜಲಸಮಾಧಿ ಆಗುತ್ತೇನೆಂದು ಹೊರಟರು. ಮಗ ಶ್ರೀನಿವಾಸ ಆಗ ಜಾತಿಯ ಹೆಮ್ಮೆ ಬದಿಗಿಟ್ಟು ಕೂಲಿಗೆ ಹೋಗುವುದಾಗಿ ಹೇಳಿ ತಡೆದ. ಆದರೆ ತಡವಾಗಿತ್ತು. ತಂದೆ ತೀರಿಕೊಂಡರು. ಕೆಲವು ತಿಂಗಳಲ್ಲಿ ತಾಯಿಯೂ ಹೋದರು. ತಾಯಿಯ ಶವ ಹೊರಲು ಯಾರೂ ಮುಂದೆ ಬರಲಿಲ್ಲ. ಹೇಗೋ ಇಬ್ಬರು ಬ್ರಾಹ್ಮಣರು ಕರುಣೆ ತೋರಿದರು, ಮೂರನೆಯವನು ಮಗ, ನಾಲ್ಕನೆಯವಳು ಹದಿನಾರರ ಹುಡುಗಿ ರಮಾ. ಎತ್ತರ ಕಮ್ಮಿ ಇದ್ದಿದ್ದರಿಂದ ಚಟ್ಟದ ತುದಿ ಹೆಗಲಿಗೆ ಎಟುಕದೆ ತಲೆಯ ಮೇಲೆ ಹೊತ್ತು ಮೂರು ಮೈಲಿ ದೂರದ ಸ್ಮಶಾನಕ್ಕೆ ನಡೆದಳು. ಅಕ್ಕ ಕೃಷ್ಣಾಬಾಯಿ ಕಾಲರಾದಲ್ಲಿ ಹೋದಳು.

ಉಳಿದ ಅಣ್ಣ ತಂಗಿ ಸಾವಿರಾರು ಮೈಲಿ ಬರಿಗಾಲಲ್ಲಿ ಉತ್ತರಕ್ಕೆ ನಡೆದರು. ಪಂಜಾಬಿನ ಚಳಿಯಲ್ಲಿ ಹೊದೆಯಲು ಏನೂ ಇಲ್ಲದೆ ಝೇಲಂ ನದಿಯ ದಂಡೆಯಲ್ಲಿ ಗುಂಡಿ ತೋಡಿ, ತಲೆ ಮಾತ್ರ ಹೊರಗಿಟ್ಟು ಒಣ ಮರಳು ಮುಚ್ಚಿಕೊಂಡು ಮಲಗಿದ್ದುಂಟು. ಇವನ್ನೆಲ್ಲ ಆಕೆಯೇ ಮುಂದೆ ಬರೆದಿಟ್ಟಿದ್ದಾರೆ.

ಕಲ್ಕತ್ತೆಯ ಬಿರುದು

1878ರಲ್ಲಿ ಅಣ್ಣ ತಂಗಿ ಕಲ್ಕತ್ತೆ ಮುಟ್ಟಿದರು. ಇಪ್ಪತ್ತು ವರ್ಷದ ಹೆಣ್ಣುಮಗಳು ನಿರರ್ಗಳ ಸಂಸ್ಕೃತದಲ್ಲಿ ಮಾತನಾಡುವುದನ್ನು ಕೇಳಿ ಅಲ್ಲಿನ ವಿದ್ವಾಂಸರು ಬೆರಗಾದರು. ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದು ಸಿಕ್ಕಿತು. ಊರೂರಿನಲ್ಲಿ ಭಾಷಣ, ಸನ್ಮಾನ. ನಿನ್ನೆ ಮರಳಲ್ಲಿ ಮಲಗಿದವಳಿಗೆ ಇಂದು ಹೂಮಾಲೆ. ಆದರೆ ಶಾಸ್ತ್ರಗಳನ್ನು ಆಳವಾಗಿ ಓದುತ್ತ ಹೋದಂತೆ, ಹೆಂಗಸರ ಬಗ್ಗೆ, ಕೆಳಜಾತಿಯವರ ಬಗ್ಗೆ ಅಲ್ಲಿರುವ ಮಾತುಗಳು ಆಕೆಯ ನಂಬಿಕೆಯನ್ನು ಅಲುಗಾಡಿಸತೊಡಗಿದವು.

1880ರಲ್ಲಿ ಢಾಕಾದಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯನ್ನು ನೋಂದಣಿ ಮದುವೆಯಾದರು. ಆತ ಬ್ರಾಹ್ಮಣನಲ್ಲ, ಭಾಷೆ ಬೇರೆ, ಪ್ರಾಂತ್ಯ ಬೇರೆ. ಆ ಕಾಲಕ್ಕೆ ಇದೇನು ಸಣ್ಣ ಮಾತಲ್ಲ. ಅಸ್ಸಾಂನ ಸಿಲ್ಚಾರ್‌ನಲ್ಲಿ ಸಂಸಾರ. ಅಲ್ಲಿಯೇ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಆಕೆಯ ಕೈಗೆ ಸಿಕ್ಕಿತು; ಗಂಡನಿಗೆ ಅದು ರುಚಿಸಲಿಲ್ಲ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನೂ ಕೊಂಡೊಯ್ಯಿತು. ಇಪ್ಪತ್ನಾಲ್ಕು ತುಂಬುವ ಮೊದಲೇ ರಮಾಬಾಯಿ ವಿಧವೆ, ಕೈಯಲ್ಲಿ ಹತ್ತು ತಿಂಗಳ ಕೂಸು.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಹೆಣ್ಣು ಶಿಕ್ಷಕಿಯರು, ಹೆಣ್ಣು ಡಾಕ್ಟರುಗಳು ಬೇಕು ಎಂದು ಸಾಕ್ಷ್ಯ ನುಡಿದರು. ತಾವೇ ಡಾಕ್ಟರಾಗಬೇಕೆಂಬ ಆಸೆ ಇತ್ತು. ಸ್ತ್ರೀ ಧರ್ಮ ನೀತಿ ಎಂಬ ಮರಾಠಿ ಪುಸ್ತಕ ಬರೆದು, ಅದು ಮಾರಿ ಬಂದ ದುಡ್ಡಿನಲ್ಲಿ 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು.

ಫುಲ್ಹಾಮ್‌ನಲ್ಲಿ ಕಂಡದ್ದು

ಇಂಗ್ಲೆಂಡಿನಲ್ಲಿ ಉಳಿದುಕೊಂಡದ್ದು ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಮದಲ್ಲಿ. ಹೋಗುವಾಗ ಮತ ಬದಲಿಸುವ ಯೋಚನೆ ಇರಲಿಲ್ಲ. ಒಂದು ದಿನ ಸನ್ಯಾಸಿನಿಯರು ಆಕೆಯನ್ನು ಲಂಡನ್ನಿನ ಫುಲ್ಹಾಮ್‌ನಲ್ಲಿದ್ದ ತಮ್ಮ ಶಾಖೆಗೆ ಕಳಿಸಿದರು. ಅದು ದಾರಿ ತಪ್ಪಿದವರು ಅಂತ ಜನ ಕೈಬಿಟ್ಟ ಹೆಂಗಸರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆ. ಹಿಂದೆ ಬೀದಿಗೆ ಬಿದ್ದಿದ್ದ ಹೆಂಗಸರೇ ಅಲ್ಲಿ ಈಗ ಬೇರೆ ರೋಗಿಗಳ, ಬೇರೆ ದಿಕ್ಕಿಲ್ಲದವರ ಸೇವೆ ಮಾಡುತ್ತಿದ್ದರು.

ರಮಾಬಾಯಿಗೆ ಇದು ಅರ್ಥವಾಗಲಿಲ್ಲ. ಅಂಥ ಹೆಂಗಸಿಗೆ ಘೋರ ಶಿಕ್ಷೆ ವಿಧಿಸುವ ಶ್ಲೋಕಗಳನ್ನು ಬಾಯಿಪಾಠ ಮಾಡಿದ್ದವರು ಆಕೆ. ಗುರುತು ಪರಿಚಯ ಇಲ್ಲದ, ಸಂಬಂಧ ಇಲ್ಲದ ಇವರ ಮೇಲೆ ಈ ಸನ್ಯಾಸಿನಿಯರಿಗೆ ಯಾಕಿಷ್ಟು ಅಕ್ಕರೆ ಎಂದು ಕೇಳಿದರು. ಉತ್ತರವಾಗಿ ಅವರು ಓದಿ ತೋರಿಸಿದ್ದು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ. ಬಾವಿಕಟ್ಟೆಯಲ್ಲಿ ಕೂತ ಯೇಸು, ಐದು ಗಂಡಂದಿರನ್ನು ಕಂಡ ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳುವ ಕಥೆ. ಆಕೆ ಬೇರೆ ಜನ, ಮುಟ್ಟಿಸಿಕೊಳ್ಳದ ಜನ. ಆದರೂ ಯೇಸು ಆಕೆಯನ್ನು ಹೀಯಾಳಿಸದೆ ಮಾತನಾಡಿದ. ರಮಾಬಾಯಿಯ ಮನಸ್ಸು ತಿರುಗಿದ್ದು ಇಲ್ಲಿಯೇ ಎಂದು ಆಕೆಯೇ ಹೇಳಿಕೊಂಡಿದ್ದಾರೆ. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಭಾರತದಲ್ಲಿ ಇದು ದೊಡ್ಡ ಸುದ್ದಿಯಾಯಿತು. ಬಹಳ ಜನ ಸಿಟ್ಟಾದರು. ಆದರೆ ರಮಾಬಾಯಿ ಇಂಗ್ಲೆಂಡಿನ ಗುರುಗಳಿಗೂ ಸುಲಭದ ಶಿಷ್ಯೆಯಾಗಲಿಲ್ಲ. ಸಿದ್ಧಾಂತದ ಬಗ್ಗೆ ಪತ್ರಗಳಲ್ಲಿ ವಾದ ಮಾಡಿದರು. ಮಾಂಸ, ಮೊಟ್ಟೆ ಮುಟ್ಟಲಿಲ್ಲ, ಕೊನೆಯವರೆಗೂ ಸಸ್ಯಾಹಾರಿ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಎಂಬುದು ಅವರ ತಕರಾರು. ಕಿವಿ ಮಂದವಾಗುತ್ತ ಬಂದಿದ್ದರಿಂದ ಡಾಕ್ಟರಿಕೆಯ ಕನಸು ಕೈಬಿಡಬೇಕಾಯಿತು. ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಓದುತ್ತ, ಸಂಸ್ಕೃತ ಪಾಠ ಹೇಳುತ್ತ ಇದ್ದರು. 1886ರಲ್ಲಿ ಅಮೆರಿಕಕ್ಕೆ ಹೋದರು. ಬಂಧು ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಪದವಿ ಪಡೆಯುವುದನ್ನು ಕಣ್ಣಾರೆ ಕಂಡರು. ಅಲ್ಲಿ ಬಾಲವಿಧವೆಯರ ಪಾಡನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಕೈಬದಲಾಯಿಸಿ ಓದಿಸಿಕೊಂಡಿತು. ಬೋಸ್ಟನ್ನಿನಲ್ಲಿ 1887ರಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ, ಹತ್ತು ವರ್ಷ ಹಣ ಕೊಡುವ ಮಾತು ಕೊಟ್ಟಿತು.

ಶಾರದಾ ಸದನದ ಜಗಳ

1889ರ ಮಾರ್ಚ್ 11ರಂದು ಮುಂಬೈಯ ಚೌಪಾಟಿಯಲ್ಲಿ ಶಾರದಾ ಸದನ ಶುರುವಾಯಿತು. ಮೇಲ್ಜಾತಿಯ ಬಾಲವಿಧವೆಯರಿಗೆ ಊಟ, ವಸತಿ, ವಿದ್ಯೆ. ಮೊದಲು ಬಂದ ವಿಧವೆ ಗೋದೂಬಾಯಿ. ಮುಂದೆ ಇವರೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು, ಅದೂ ಮಹಾರಾಷ್ಟ್ರದಲ್ಲಿ ಗದ್ದಲವೆಬ್ಬಿಸಿದ ಮದುವೆ. 1890ರಲ್ಲಿ ಸದನ ಪುಣೆಗೆ ಬಂತು. ರಾನಡೆ, ಭಂಡಾರ್ಕರ್ ಅಂಥ ದೊಡ್ಡವರು ಸಲಹಾ ಮಂಡಳಿಯಲ್ಲಿದ್ದರು. ಜಾತಿ ಆಚಾರ ಪಾಲಿಸುವವರಿಗೆ ಅಡ್ಡಿ ಇಲ್ಲ, ಮತಬೋಧನೆ ಇಲ್ಲ ಎಂಬುದು ಕರಾರು.

ರಮಾಬಾಯಿ ಮಗಳೊಂದಿಗೆ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಬಾ ಎಂದು ಕರೆದಿಲ್ಲ, ಬರಬೇಡ ಎಂದು ತಡೆಯುವುದೂ ಇಲ್ಲ ಎಂಬುದು ಆಕೆಯ ನಿಲುವು. ಟೀಕಾಕಾರರಿಗೆ ಅದು ಒಪ್ಪಿಗೆಯಾಗಲಿಲ್ಲ. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ಸಲಹಾ ಮಂಡಳಿಯ ಹಿರಿಯರು ರಾಜೀನಾಮೆ ಕೊಟ್ಟರು, ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಂದು ಕರೆದೊಯ್ದರು. ಹನ್ನೆರಡು ಹದಿಮೂರರ ಹುಡುಗಿ, ತಾನು ದಿನಾ ಪ್ರೀತಿಸುವ ಗುರು ಪ್ರಾರ್ಥನೆಗೆ ಕೂತಾಗ ತಾನೂ ಹೋಗಿ ಕೂತರೆ ಅದು ಪೂರ್ತಿ ಅವಳದೇ ಇಚ್ಛೆಯೇ ಎಂಬ ಪ್ರಶ್ನೆ ಸುಳ್ಳಲ್ಲ. ಹಾಗೆಯೇ, ಕರೆದುಕೊಂಡು ಹೋದ ಹುಡುಗಿಯರಲ್ಲಿ ಎಷ್ಟು ಜನಕ್ಕೆ ಮನೆಯಲ್ಲಿ ಮತ್ತೆ ಪುಸ್ತಕ ಸಿಕ್ಕಿತು ಎಂಬ ಪ್ರಶ್ನೆಯೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಕೇಳಿದವರು ಅಂದು ಕಮ್ಮಿ.

ಇದೇ ಕಾಲದಲ್ಲಿ ಆಕೆ ಯಾತ್ರಿಕಳಂತೆ ವೇಷ ಹಾಕಿಕೊಂಡು ಮಥುರಾ, ವೃಂದಾವನಕ್ಕೆ ಹೋಗಿ ಅಲ್ಲಿನ ವಿಧವೆಯರ ಸ್ಥಿತಿ ನೋಡಿ ಬಂದರು. ಕೇಡಗಾಂವ್‌ನಲ್ಲಿ ಸುಮಾರು ನೂರು ಎಕರೆ ಬಯಲು ಕೊಂಡು ಹಣ್ಣಿನ ಗಿಡ ನೆಡಿಸಿದರು. ಬೋಸ್ಟನ್ನಿನ ಹಣ ಹತ್ತು ವರ್ಷಕ್ಕೆ ನಿಂತರೆ, ತೋಟದ ಆದಾಯದಲ್ಲಿ ಸದನ ನಡೆಯಲಿ ಎಂಬುದು ಲೆಕ್ಕ. ಆ ಜಮೀನು ಬೇರೆಯೇ ಕೆಲಸಕ್ಕೆ ಬಂತು.

ಬರದ ನಾಡಿಗೆ ಹೋದ ಪಂಡಿತೆ

1896ರ ಕೊನೆಗೆ ಮಧ್ಯ ಪ್ರಾಂತ್ಯದಲ್ಲಿ ಭೀಕರ ಬರ ಬಿದ್ದ ಸುದ್ದಿ ಪುಣೆಗೆ ಮುಟ್ಟಿತು. ಸದನದ ಹಣ ಮೇಲ್ಜಾತಿ ವಿಧವೆಯರಿಗೆ ಅಂತ ಕೊಟ್ಟದ್ದು. ಬರದಲ್ಲಿ ಅನಾಥರಾದ, ಎಲ್ಲ ಜಾತಿಯ ಮಕ್ಕಳಿಗೆ ಅದನ್ನು ಖರ್ಚು ಮಾಡುವಂತಿರಲಿಲ್ಲ. ಬೇರೆ ಹಣ ಕೈಯಲ್ಲಿ ಇರಲಿಲ್ಲ. ಹೋಗದೆ ಇದ್ದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷದ ಹಿಂದೆ ತಾನೇ ಅಂಥ ಬರದಲ್ಲಿ ಎಲೆ ತಿಂದ ಹುಡುಗಿಯಾಗಿದ್ದ ನೆನಪು ಆಕೆಯನ್ನು ಕೂರಲು ಬಿಡಲಿಲ್ಲ.

ಅಲ್ಲಿ ಹೋಗಿ ನೋಡಿದರೆ ಹಸಿವಿಗಿಂತ ಕೆಟ್ಟದ್ದು ಇತ್ತು. ಸರ್ಕಾರದ ಪರಿಹಾರ ಕೇಂದ್ರ, ಅನಾಥಾಲಯಗಳ ಸುತ್ತ ಹೆಣ್ಣುಮಕ್ಕಳನ್ನು ಕೊಳ್ಳುವ ದಲ್ಲಾಳಿಗಳು ಸುಳಿಯುತ್ತಿದ್ದರು. ಕಾಯಬೇಕಾದವರೇ ಹುಡುಗಿಯರನ್ನು ಕೆಡಿಸುತ್ತಿದ್ದರು. ಹಿಡಿ ಅನ್ನಕ್ಕೆ ಮಾನ ಕೊಡಬೇಕಾದ ಸ್ಥಿತಿ. ಇದನ್ನೆಲ್ಲ ರಮಾಬಾಯಿ ಮುಚ್ಚುಮರೆ ಇಲ್ಲದೆ ಬರೆದರು. ಮತ್ತೆ ಮತ್ತೆ ಹೋಗಿ, ಜನರನ್ನು ಕಳಿಸಿ, ಸುಮಾರು 300 ಹುಡುಗಿಯರನ್ನು ಕರೆತಂದರು. ಯಾವ ಜಾತಿ, ಯಾವ ಊರು ಎಂದು ವಿಂಗಡಿಸಲು ಆಕೆ ಈ ಸಲ ಕೂರಲಿಲ್ಲ. ಶಾರದಾ ಸದನಕ್ಕೂ ಇದಕ್ಕೂ ಇದ್ದ ದೊಡ್ಡ ವ್ಯತ್ಯಾಸ ಇದೇ.

ಬಂದ ಮಕ್ಕಳು ಎಲುಬಿನ ಹಂದರ. ಮೈತುಂಬ ಹುಣ್ಣು, ತಲೆತುಂಬ ಹೇನು. ಬೆಚ್ಚಿ ಬೀಳುವ, ಯಾರನ್ನೂ ನಂಬದ ಮಕ್ಕಳು. ಬದುಕುವವೋ ಇಲ್ಲವೋ ಎಂಬಂಥವೂ ಇದ್ದವು. ಇವರನ್ನು ತೊಳೆದು, ಉಣಿಸಿ, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡವರು ಶಾರದಾ ಸದನದ ವಿಧವೆಯರು. ತಮ್ಮ ಮನೆಯಲ್ಲಿ ಅಪಶಕುನ ಅನ್ನಿಸಿಕೊಂಡವರು ಇಲ್ಲಿ ತಾಯಂದಿರಾದರು. ಫುಲ್ಹಾಮ್‌ನ ಮನೆಯಲ್ಲಿ ಕಂಡದ್ದು ಹದಿಮೂರು ವರ್ಷದ ಮೇಲೆ ಪುಣೆಯಲ್ಲಿ ನಡೆಯುತ್ತಿತ್ತು.

ಅಷ್ಟರಲ್ಲಿ ಪುಣೆಗೆ ಪ್ಲೇಗ್ ಬಂತು. ಇಷ್ಟು ಜನ ಒಂದೇ ಕಡೆ ಇರಕೂಡದು, ಹೊಸಬರನ್ನು ಊರಲ್ಲಿ ಇಡಕೂಡದು ಎಂದು ಅಧಿಕಾರಿಗಳ ಹುಕುಂ. ಎಲ್ಲಿಗೆ ಹೋಗುವುದು? ಕೇಡಗಾಂವ್‌ನ ಹೊಲ ಇತ್ತಲ್ಲ. ಮನೆ ಇಲ್ಲ, ಗೋಡೆ ಇಲ್ಲ. ಡೇರೆ, ಗುಡಿಸಲು ಹಾಕಿ ನೂರಾರು ಮಕ್ಕಳನ್ನು ಅಲ್ಲಿಗೆ ಸಾಗಿಸಿದರು. ಬೈಬಲಿನ ಯೆಶಾಯನ ಗ್ರಂಥದಿಂದ ಆರಿಸಿದ ಹೆಸರು ಆ ಜಾಗಕ್ಕೆ ಬಂತು: ಮುಕ್ತಿ. ಮೊದಲಿನ ಕಟ್ಟಡಗಳು ಎದ್ದಿದ್ದು ಆ ಮೇಲೆ.

ಪ್ಲೇಗ್ ವೇಳೆ ಆಕೆ ಇನ್ನೊಂದು ಕೆಲಸ ಮಾಡಿದರು. ಪುಣೆಯ ಪ್ಲೇಗ್ ಆಸ್ಪತ್ರೆ, ಕ್ಯಾಂಪುಗಳಲ್ಲಿ ಹೆಂಗಸರಿಗೆ ರಕ್ಷಣೆ ಇಲ್ಲ ಎಂದು 1897ರಲ್ಲಿ ಮುಂಬೈಯ ಪತ್ರಿಕೆಯೊಂದಕ್ಕೆ ಬಹಿರಂಗ ಪತ್ರ ಬರೆದರು. ಸರ್ಕಾರ ಅಲ್ಲಗಳೆಯಿತು, ಆಕೆ ಹಿಂದೆ ಸರಿಯಲಿಲ್ಲ. ಕ್ರೈಸ್ತಳಾದ ಮಾತ್ರಕ್ಕೆ ಬಿಳಿ ಸರ್ಕಾರದ ತಪ್ಪನ್ನು ಮುಚ್ಚಬೇಕೆಂದು ಆಕೆಗೆ ಅನ್ನಿಸಲಿಲ್ಲ.

ಎರಡು ಸಾವಿರ ಬಾಯಿ

ಇದಾಗಿ ಮೂರು ವರ್ಷಕ್ಕೆ, 1899-1900ರಲ್ಲಿ, ಗುಜರಾತ್, ರಾಜಸ್ಥಾನಗಳಲ್ಲಿ ಛಪ್ಪನಿಯಾ ಬರ. ಈ ಸಲ ರಮಾಬಾಯಿ ಒಬ್ಬರೇ ಹೋಗಬೇಕಾಗಿರಲಿಲ್ಲ. ಸದನದಲ್ಲಿ ಬೆಳೆದ ಹೆಂಗಸರು ಊರೂರು ತಿರುಗಿ ಮಕ್ಕಳನ್ನು ಎತ್ತಿ ತಂದರು. 1,300ಕ್ಕೂ ಹೆಚ್ಚು ಜನ ಹೊಸದಾಗಿ ಬಂದರು, ಒಟ್ಟು ಎರಡು ಸಾವಿರದ ಹತ್ತಿರ. ಕೇಡಗಾಂವ್ ಸುತ್ತ ಮುತ್ತ ಕೂಡ ನೀರಿಗೆ ಬರವೇ. ಹೊಲದಲ್ಲಿ ತೋಡಿಸಿದ್ದ ಬಾವಿಗಳು ಕೈಹಿಡಿದವು.

ಎರಡು ಸಾವಿರ ಜನಕ್ಕೆ ದಿನವೂ ಅಡುಗೆ ಅಂದ್ರೆ ಲೆಕ್ಕ ಹಾಕಿ ನೋಡಿ. ಕಾಳು ಬೀಸುವುದರಿಂದ ಶುರುವಾಗಿ ಎಲ್ಲವೂ ಹುಡುಗಿಯರದೇ ಕೈಕೆಲಸ. ಬೆಳಿಗ್ಗೆ ಶಾಲೆ, ಉಳಿದ ಹೊತ್ತು ದುಡಿಮೆ. ಮಗ್ಗ, ಹೊಲಿಗೆ, ಎಣ್ಣೆ ಗಾಣ, ಹೈನು, ತೋಟ, ಬಟ್ಟೆ ಒಗೆತ. ಒಂದು ಛಾಪಾಖಾನೆ ಕೂಡ. ಅಕ್ಷರ ಜೋಡಿಸುವುದು, ಮುದ್ರಿಸುವುದು, ಹೊಲಿದು ಕಟ್ಟುವುದು ಹೆಣ್ಣುಮಕ್ಕಳೇ. ಭಿಕ್ಷೆಯ ಅನ್ನ ಉಂಡೆ ಎಂಬ ಭಾವನೆ ಆ ಮಕ್ಕಳಲ್ಲಿ ಉಳಿಯಬಾರದು ಎಂಬುದು ರಮಾಬಾಯಿಯ ಹಟ. ಎಲೆ ತಿಂದ ದಿನಗಳಲ್ಲಿ ತಮ್ಮ ಕುಟುಂಬಕ್ಕೆ ಯಾವ ಕೈಕೆಲಸವೂ ಗೊತ್ತಿರಲಿಲ್ಲ ಎಂಬುದನ್ನು ಆಕೆ ಮರೆತಿರಲಿಕ್ಕಿಲ್ಲ.

ಆವರಣದಲ್ಲಿ ಬೇರೆ ಬೇರೆ ಮನೆಗಳಿದ್ದವು. ಕೆಡಿಸಲ್ಪಟ್ಟು ಬೀದಿಗೆ ಬಿದ್ದ ಹೆಂಗಸರಿಗೆ ಕೃಪಾ ಸದನ. ಮುದುಕಿಯರಿಗೆ, ಕೈಲಾಗದವರಿಗೆ ಪ್ರೀತಿ ಸದನ. ಕುರುಡರಿಗೆ ಬೇರೆ ಮನೆ, ಬ್ರೈಲ್ ಲಿಪಿಯ ಪಾಠ. ಕಣ್ಣಿಲ್ಲದ ಹುಡುಗಿಯರು ಬುಟ್ಟಿ ಹೆಣೆಯುವುದು ಕಲಿತರು, ಓದಲು ಕಲಿತವರು ಇತರರಿಗೆ ಕಲಿಸಿದರು. ಮಗಳು ಮನೋರಮಾ ತಾಯಿಯ ಬಲಗೈಯಾಗಿ ಶಾಲೆಗಳ ಹೊಣೆ ಹೊತ್ತಳು.

ಹಣ? 1898ರಲ್ಲಿ ಬೋಸ್ಟನ್ನಿನ ಹತ್ತು ವರ್ಷದ ಮಾತು ಮುಗಿಯಿತು. ರಮಾಬಾಯಿ ಮತ್ತೆ ಅಮೆರಿಕಕ್ಕೆ ಹೋಗಿ ಲೆಕ್ಕ ಒಪ್ಪಿಸಿ, ಹೊಸ ಸಂಘದ ನೆರವು ಪಡೆದು ಬಂದರು. ಬರದ ಮಕ್ಕಳ ಖರ್ಚಿಗೆ ಮಾತ್ರ ನಿಶ್ಚಿತ ಆದಾಯ ಇರಲಿಲ್ಲ. ಬಂದಷ್ಟು ಬರುತ್ತಿತ್ತು, ಆಕೆ ಪ್ರಾರ್ಥನೆ ಎನ್ನುತ್ತಿದ್ದರು. ಸ್ವಂತಕ್ಕೆ ಬೇಕಿದ್ದುದು ಕಮ್ಮಿ. ಒರಟು ಬಿಳಿ ಸೀರೆ, ಕತ್ತರಿಸಿದ ಕೂದಲು, ಮಕ್ಕಳು ಉಂಡದ್ದೇ ಊಟ.

ಮುಕ್ತಿಗೆ ಬಂದ ಬಹುತೇಕ ಅನಾಥರು ಕ್ರೈಸ್ತರಾಗಿಯೇ ಬೆಳೆದರು. ಇಲ್ಲಿ ಶಾರದಾ ಸದನದ ಹಳೆಯ ಕರಾರು ಇರಲಿಲ್ಲ, ರಮಾಬಾಯಿ ಅದನ್ನು ಬಚ್ಚಿಡಲೂ ಇಲ್ಲ. 1905ರಲ್ಲಿ ಅಲ್ಲಿ ಎದ್ದ ಪ್ರಾರ್ಥನೆಯ ಅಲೆಯ ಸುದ್ದಿ ಹೊರದೇಶಗಳಿಗೂ ಹಬ್ಬಿತು. ಇದೇ ಕಾರಣಕ್ಕೆ ಮಹಾರಾಷ್ಟ್ರದ ಸುಧಾರಕರ ಪಟ್ಟಿಯಲ್ಲಿ ಆಕೆಯ ಹೆಸರು ಬಹುಕಾಲ ಹಿಂದೆ ಸರಿದಿತ್ತು. 1889ರ ಮುಂಬೈ ಕಾಂಗ್ರೆಸ್ ಅಧಿವೇಶನಕ್ಕೆ ಹೋದ ಮೊದಲ ಹೆಣ್ಣು ಪ್ರತಿನಿಧಿಗಳಲ್ಲಿ ಒಬ್ಬರಾಗಿದ್ದವರನ್ನು ಮುಂದಿನ ತಲೆಮಾರು ಪಾಠಪುಸ್ತಕದಲ್ಲಿ ಕಾಣಲು ಕಾಯಬೇಕಾಯಿತು. ಅಂಚೆ ಇಲಾಖೆ ಆಕೆಯ ಚೀಟಿ ತಂದದ್ದು 1989ರಲ್ಲಿ.

ಗುಲಬರ್ಗಾದ ಶಾಲೆ

1910ರ ದಶಕದ ಆರಂಭದಲ್ಲಿ, ಆಗ ನಿಜಾಮ ಸಂಸ್ಥಾನದಲ್ಲಿದ್ದ ಗುಲಬರ್ಗಾದಲ್ಲಿ ಮನೋರಮಾ ತಾಯಿಯ ನೆರವಿನಿಂದ ಒಂದು ಶಾಲೆ ತೆರೆದರು. ಇಂದಿನ ಕಲಬುರಗಿ ಅದೇ. ಕೇಡಗಾಂವ್‌ನಿಂದ ಅದೇ ರೈಲು ಹಳಿ ಹಿಡಿದು ಸೊಲ್ಲಾಪುರ ದಾಟಿ ಬಂದರೆ ಸಿಗುವ ಊರು. ಶಾಲೆಯೇ ಅಪರೂಪವಾಗಿದ್ದ ಸೀಮೆ. ಕಾಡಿನಲ್ಲಿ ಹುಟ್ಟಿ ಬುಟ್ಟಿಯಲ್ಲಿ ಕನ್ನಡ ನಾಡು ಬಿಟ್ಟ ರಮಾಬಾಯಿಯ ಕೆಲಸ ಹೀಗೆ ಒಂದು ಸುತ್ತು ಹಾಕಿ ಕನ್ನಡದ ಇನ್ನೊಂದು ಮೂಲೆಗೆ ಮುಟ್ಟಿತು. ನಮ್ಮ ಕಡೆ ಇದು ಗೊತ್ತಿರುವವರು ಕಮ್ಮಿ.

1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1921ರ ಜುಲೈನಲ್ಲಿ ಮನೋರಮಾ ನಲವತ್ತನೇ ವಯಸ್ಸಿಗೆ ತೀರಿಕೊಂಡರು. ತನ್ನ ನಂತರ ಮುಕ್ತಿಯನ್ನು ನಡೆಸುತ್ತಾಳೆಂದು ನಂಬಿದ್ದ ಒಬ್ಬಳೇ ಮಗಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಆ ಕುಟುಂಬದಲ್ಲಿ ಉಳಿದವರು ಕಿವಿ ಕೇಳದ ಅರವತ್ಮೂರರ ರಮಾಬಾಯಿ ಮಾತ್ರ.

ಆಗಲೂ ಆಕೆಯ ಮೇಜಿನ ಮೇಲೆ ಒಂದು ಕೆಲಸ ಬಾಕಿ ಇತ್ತು. ಮಿಷನರಿಗಳ ಮರಾಠಿ ಬೈಬಲಿನ ಭಾಷೆ ಓದು ಕಮ್ಮಿ ಇರುವ ಹಳ್ಳಿ ಹೆಂಗಸರಿಗೆ ತಿಳಿಯುವುದಿಲ್ಲ ಎಂದು ಆಕೆಗೆ ಅನ್ನಿಸಿತ್ತು. ಅದಕ್ಕಾಗಿ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು ಇಡೀ ಗ್ರಂಥವನ್ನು ಆಡುಮಾತಿಗೆ ಹತ್ತಿರದ ಮರಾಠಿಗೆ ತರುತ್ತಿದ್ದರು. ಹದಿನೈದು ವರ್ಷಕ್ಕೂ ಹೆಚ್ಚಿನ ದುಡಿಮೆ. ಭಾಗವತವನ್ನು ಬಾಯಿಪಾಠ ಮಾಡಿದ ಸಂಸ್ಕೃತ ಪಂಡಿತೆ, ಸಂಸ್ಕೃತದ ದೊಡ್ಡ ದೊಡ್ಡ ಪದಗಳನ್ನು ತೆಗೆದು ಹೊಲಗೆಲಸದವಳ ಮಾತು ಹುಡುಕುತ್ತಿದ್ದರು. ಕರಡು ತಿದ್ದಲು ಇನ್ನು ಹತ್ತು ದಿನ ಕೊಡು ಎಂದು ದೇವರಲ್ಲಿ ಬೇಡಿಕೊಂಡರು, ಹತ್ತನೆಯ ದಿನಕ್ಕೆ ಕೊನೆಯ ಹಾಳೆ ಮುಗಿಯಿತು ಎಂದು ಮುಕ್ತಿಯವರು ಹೇಳಿಕೊಂಡು ಬಂದಿದ್ದಾರೆ. 1922ರ ಏಪ್ರಿಲ್ 5ರಂದು ನಿದ್ದೆಯಲ್ಲಿಯೇ ತೀರಿಕೊಂಡರು.

ಬೈಬಲ್ 1924ರಲ್ಲಿ ಹೊರಬಂತು. ಅದರ ಅಕ್ಷರ ಜೋಡಿಸಿ, ಹಾಳೆ ಮಡಚಿ, ಹೊಲಿದು ಕಟ್ಟಿದವರು ಮುಕ್ತಿಯ ಹೆಂಗಸರು. ಮೊದಲ ಬಾರಿ ಕೇಡಗಾಂವ್‌ಗೆ ಬಂದಾಗ ಅವರಲ್ಲಿ ಹಲವರಿಗೆ ತಮ್ಮ ಹೆಸರು ಬರೆಯಲೂ ಬರುತ್ತಿರಲಿಲ್ಲ.